ಹೊರಗೆ ಓದಿಸಿ, ಒಳಗೆ ವಿವರಿಸಿ: ಮರದಡಿಯ ಕನ್ನಡ ಪಾಠದ ಬಗ್ಗೆ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಪ್ರೌಢಶಾಲೆಯಲ್ಲಿ ಎಂಟು, ಒಂಬತ್ತನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಡಿಸೆಂಬರ್ ಬಂತೆಂದರೆ ಮಕ್ಕಳದ್ದು ಒಂದೇ ವರಾತ: "ಟೀಚರ್, ಇವತ್ತು ಹೊರಗೆ ಕೂರುವ." ಮೊನ್ನೆ ತಂಪು ಗಾಳಿ ಇತ್ತೆಂದು ಮಾವಿನ ಮರದಡಿ ಕರೆದುಕೊಂಡು ಹೋಗಿ ಷಟ್ಪದಿಯ ಪಾಠ ಮಾಡಿದೆ. ಹಿಂದೆ ಕೂತವರಿಗೆ ನನ್ನ ಮಾತು ಕೇಳಿಸಲಿಲ್ಲ. ಅರ್ಧ ಜನರ ಗಮನ ಗ್ರೌಂಡಿನಲ್ಲಿ ಆಡುತ್ತಿದ್ದವರ ಮೇಲೆ. ಇಬ್ಬರಿಗೆ ಚಗಳಿ ಇರುವೆ ಕಚ್ಚಿತು. ಮುಂದಿನ ಪೀರಿಯಡ್‌ನ ಗಣಿತದ ಮಾಷ್ಟ್ರು "ಮಕ್ಕಳ ತಲೆ ಇನ್ನೂ ಹೊರಗೇ ಇದೆ" ಎಂದರು. ಎಚ್‌ಎಂ ಬೇಡ ಅನ್ನಲಿಲ್ಲ, ಆದರೆ "ಅದರಿಂದ ಪ್ರಯೋಜನ ಏನು?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಸಾಹಿತ್ಯದ ಪಾಠ ಹೊರಗೆ ಮಾಡುವುದರಲ್ಲಿ ನಿಜವಾಗಿ ಅರ್ಥ ಇದೆಯಾ? ಇದ್ದರೆ ಹೇಗೆ ಮಾಡಬೇಕು?

ಉತ್ತರ: ಟೀಚರ್, ಅರ್ಥ ಖಂಡಿತ ಇದೆ. ಆದರೆ ನೀವು ಬರೆದದ್ದನ್ನು ನೋಡಿದರೆ ಅಂದು ಮಾವಿನ ಮರದಡಿ ನಡೆದದ್ದು ಕ್ಲಾಸಿನೊಳಗಿನ ಪಾಠವೇ ಎಂದು ಕಾಣುತ್ತದೆ. ಪದ್ಯ ಓದುವುದು, ಕಠಿಣ ಶಬ್ದಕ್ಕೆ ಅರ್ಥ ಹೇಳುವುದು, ಸಾರಾಂಶ ವಿವರಿಸುವುದು. ಈ ಪಾಠಕ್ಕೆ ಬೋರ್ಡು ಬೇಕು, ಬೆಂಚು ಬೇಕು, ದನಿ ಚದರದ ಹಾಗೆ ನಾಲ್ಕು ಗೋಡೆ ಬೇಕು. ಅದನ್ನೇ ಬಯಲಿಗೆ ತಂದರೆ ನಿಮ್ಮ ಗಂಟಲು ಒಣಗುತ್ತದೆ, ಮಕ್ಕಳ ಕಣ್ಣು ಗ್ರೌಂಡಿಗೆ ಹೋಗುತ್ತದೆ. ಅದರಲ್ಲಿ ಮಕ್ಕಳ ತಪ್ಪೇನೂ ಇಲ್ಲ.

ಅಧ್ಯಾಪಕರ ತರಬೇತಿಗಳಲ್ಲಿ ನಾನು ಹೇಳುತ್ತಾ ಬಂದಿರುವುದು ಇಷ್ಟು: ಹೊರಗೆ ಓದಿಸಿ, ಒಳಗೆ ವಿವರಿಸಿ. ಬಯಲು ಇರುವುದು ದನಿಗೆ ಮತ್ತು ಕಿವಿಗೆ. ಪ್ರಕೃತಿ ವರ್ಣನೆಯ ಪದ್ಯ ಇದೆ, ಆದ್ದರಿಂದ ಪ್ರಕೃತಿಯ ನಡುವೆ ಕೂರೋಣ ಎಂಬ ಲೆಕ್ಕಾಚಾರ ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಅಡಿಕೆ ತೋಟದ ನಡುವೆ ಬೆಳೆದ ಮಗುವಿಗೆ ಮರ ತೋರಿಸಲು ಕನ್ನಡ ಪೀರಿಯಡ್ ಬೇಕಾಗಿಲ್ಲ. ಆ ಮಗುವಿಗೆ ಸಿಗದೆ ಇರುವುದು ಬಾಯಿ ಬಿಟ್ಟು, ಎದೆ ತುಂಬ ಉಸಿರು ತೆಗೆದುಕೊಂಡು ಕನ್ನಡ ಓದುವ ಅವಕಾಶ.

ನಮ್ಮ ಕಡೆಯ ಶಾಲಾ ಕಟ್ಟಡಗಳನ್ನು ನೀವೂ ಕಂಡಿದ್ದೀರಿ. ಉದ್ದದ ಹಾಲ್‌ಗೆ ಅಡ್ಡ ಗೋಡೆ ಕಟ್ಟಿ, ಕೆಲವು ಕಡೆ ಬರೀ ಮರದ ತಟ್ಟಿ ಇಟ್ಟು ಡಿವಿಷನ್ ಮಾಡಿರುತ್ತಾರೆ. ಮೂವತ್ತೈದು ಮಕ್ಕಳು ಒಟ್ಟಾಗಿ ಒಂದು ಪದ್ಯ ಎತ್ತಿದರೆ ಪಕ್ಕದ ಕ್ಲಾಸಿನ ಟೀಚರ್ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಹಾಗಾಗಿ ವರ್ಷವಿಡೀ ಮಕ್ಕಳು ಪದ್ಯವನ್ನು ತುಟಿಯಲ್ಲೇ ಓದಿ ಮುಗಿಸುತ್ತಾರೆ. ಭಾಮಿನಿ ಷಟ್ಪದಿಯಲ್ಲಿರುವ ಕುಮಾರವ್ಯಾಸನ ಭಾರತವನ್ನು ಜನ ಗಮಕಿಗಳ ಬಾಯಿಂದ ಕೇಳಿ ತಿಳಿದವರು. ನಿಮ್ಮ ಊರಿನ ಯಕ್ಷಗಾನ ಗದ್ದೆ ಕೊಯ್ಲಾದ ಮೇಲೆ ಬಯಲಿನಲ್ಲೇ ಆಡಿದ್ದು. ರಾಮಾಯಣದ ಪ್ರಸಂಗಗಳೊಂದಿಗೆ ಹೆಸರು ಬೆಸೆದುಕೊಂಡಿರುವ ಯಕ್ಷಗಾನ ಕವಿ ಪಾರ್ತಿಸುಬ್ಬ ಕುಂಬಳೆಯವನು. ನೇಜಿ ನೆಡುವಾಗ ಹೆಂಗಸರು ಹಾಡುವ ಪಾಡ್ದನ, ಕಬಿತಗಳೂ ಹಾಗೆಯೇ. ಒಬ್ಬರು ಎತ್ತಿಕೊಟ್ಟರೆ ಉಳಿದವರು ಗದ್ದೆಯ ಆ ತುದಿಯವರೆಗೆ ಕೇಳುವ ಹಾಗೆ ಸೊಲ್ಲು ಹಿಡಿಯಬೇಕು. ಇವೆಲ್ಲ ಗೋಡೆ ಇಲ್ಲದ ಕಡೆ ಬೆಳೆದ ಸಾಹಿತ್ಯ. ಇವನ್ನು ಮೆಲುದನಿಯಲ್ಲಿ ಕಲಿಸಿದರೆ ಅರ್ಧ ಮಾತ್ರ ಕಲಿಸಿದಂತೆ.

ಕಾಸರಗೋಡಿನ ಮಟ್ಟಿಗೆ ಇನ್ನೊಂದು ಕಾರಣವೂ ಇದೆ, ಅದು ನನಗೆ ಇನ್ನೂ ಮುಖ್ಯ. ನಿಮ್ಮ ಕ್ಲಾಸಿನ ಮಗು ಮನೆಯಲ್ಲಿ ತುಳು ಮಾತಾಡುತ್ತದೆ, ಅಥವಾ ಹವ್ಯಕ ಕನ್ನಡ, ಮರಾಠಿ, ಕೊಂಕಣಿ, ಬ್ಯಾರಿ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಪಂಚಾಯತ್ ಆಫೀಸಿನಲ್ಲಿ ಮಲಯಾಳ. ಪುಸ್ತಕದ ಕನ್ನಡ ಕೇಳುವುದು ಕ್ಲಾಸಿನ ನಾಲ್ಕು ಗೋಡೆಯ ಒಳಗೆ ಮಾತ್ರ, ಅದೂ ಹೆಚ್ಚಾಗಿ ಟೀಚರ್ ಬಾಯಿಂದ. ಹೀಗಾದಾಗ ಮಗುವಿನ ಮನಸ್ಸಿನಲ್ಲಿ ಕನ್ನಡ ಎಂದರೆ ಪರೀಕ್ಷೆಯ ಭಾಷೆ ಎಂದು ಕೂತುಬಿಡುತ್ತದೆ. ಅದೇ ಮಗು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಪದ್ಯ ಹೇಳುವಾಗ ಅಡುಗೆ ಕೋಣೆಯವರು ಕೇಳುತ್ತಾರೆ, ದಾರಿಯಲ್ಲಿ ಹೋಗುವವರು ನಿಲ್ಲುತ್ತಾರೆ, ಮಲಯಾಳ ಡಿವಿಷನ್‌ನ ಮಕ್ಕಳು ಕಿಟಕಿಯಿಂದ ಇಣುಕುತ್ತಾರೆ. ನಾಲ್ಕು ಜನರ ಎದುರು ಕನ್ನಡ ಮಾತಾಡಿ ಅಭ್ಯಾಸವಾದ ಮಗು ಮುಂದೆ ಎಲ್ಲಿಯೂ ಹಿಂಜರಿಯುವುದಿಲ್ಲ. ಇದಕ್ಕೆ ಘೋಷಣೆ ಬೇಡ, ಭಾಷಣ ಬೇಡ. ಓದಿದರೆ ಸಾಕು.

ಇನ್ನು ಹೇಗೆ ಎಂಬುದು. ಮೊದಲು ಜಾಗ. ಹಿಂದಿನವರಿಗೆ ಕೇಳಿಸದ್ದಕ್ಕೆ ಕಾರಣ ನಿಮ್ಮ ದನಿ ಸಣ್ಣದಾದ್ದಲ್ಲ. ಕೋಣೆಯೊಳಗೆ ಗೋಡೆ, ಮಾಡು ದನಿಯನ್ನು ತಿರುಗಿಸಿ ಕೊಡುತ್ತವೆ. ಬಯಲಿನಲ್ಲಿ ದೂರ ಎರಡು ಪಟ್ಟಾದ ಹಾಗೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತದೆ. ಎರಡು ಮೀಟರಿನಲ್ಲಿ ಕೂತವನಿಗಿಂತ ಎಂಟು ಮೀಟರಿನಲ್ಲಿ ಕೂತವನಿಗೆ 12 ಡೆಸಿಬೆಲ್ ಕಡಿಮೆ. ಸಾಲು ಸಾಲಾಗಿ ಕೂರಿಸಿದರೆ ಹಿಂದಿನವರು ಪಾಠದಿಂದ ಹೊರಗೆ ಬಿದ್ದ ಹಾಗೆಯೇ. ಅರ್ಧಚಂದ್ರದ ಹಾಗೆ ಎರಡು ಸುತ್ತು ಕೂರಿಸಿ. ನಿಮ್ಮಿಂದ ಮೂರು ಮೀಟರ್ ದೂರದ ಮೊದಲ ಸುತ್ತಿನಲ್ಲಿ ಹದಿನಾರು ಹದಿನೇಳು ಮಕ್ಕಳು ಹಿಡಿಯುತ್ತಾರೆ, ಎರಡನೆಯದರಲ್ಲಿ ಇಪ್ಪತ್ತು. ಹಿಂದಿನವರು ಮುಂದಿನವರ ನಡುವಿನ ಸಂದಿಯಲ್ಲಿ ಕಾಣುವಂತೆ ಕೂರಲಿ. ಆಗ ಯಾರೂ ನಾಲ್ಕು ಮೀಟರಿಗಿಂತ ದೂರ ಇರುವುದಿಲ್ಲ.

ಮರಕ್ಕಿಂತ ಮೊದಲು ನೀವು ಗೋಡೆ ಹುಡುಕಿ. ಬೆಳಗಿನ ಪೀರಿಯಡ್ ಆದರೆ ಕಟ್ಟಡದ ಪಡುಬದಿ, ಅಂದರೆ ಪಶ್ಚಿಮ. ನೆರಳು ಅಲ್ಲಿಗೇ ಬೀಳುತ್ತದೆ. ನೀವು ಗೋಡೆಗೆ ಬೆನ್ನು ಹಾಕಿ ನಿಂತರೆ ದನಿ ಹಿಂದಕ್ಕೆ ಹೋಗದೆ ಮಕ್ಕಳ ಕಡೆಗೇ ಬರುತ್ತದೆ. ಮಕ್ಕಳು ಗೋಡೆಯ ಕಡೆ ಮುಖ ಮಾಡಿ ಕೂತದ್ದರಿಂದ ಗ್ರೌಂಡು ಅವರ ಬೆನ್ನಿಗಿರುತ್ತದೆ. ನಿಮ್ಮ ಎರಡನೇ ತೊಂದರೆಯೂ ಅಲ್ಲಿಗೆ ಮುಗಿಯಿತು. ಮಧ್ಯಾಹ್ನ ಮೂರರ ನಂತರವಾದರೆ ಮೂಡುಬದಿ, ಅಂದರೆ ಪೂರ್ವ. ಆ ಹೊತ್ತಿಗೆ ಕಡಲಿನ ಕಡೆಯಿಂದ ಗಾಳಿ ಬೀಸುತ್ತಿರುತ್ತದೆ, ಕಟ್ಟಡವೇ ಅದನ್ನು ತಡೆಯುತ್ತದೆ. ಪೂರ್ತಿ ಬಯಲಿನಲ್ಲಿ ಕೂರಲೇಬೇಕಾದರೆ ಗಾಳಿ ನಿಮ್ಮ ಬೆನ್ನಿಗೆ ತಾಗಿ ಮಕ್ಕಳ ಕಡೆ ಹೋಗುವಂತೆ ನಿಲ್ಲಿ. ಗಾಳಿಗೆ ಎದುರಾಗಿ ಮಾತಾಡಿದರೆ ಎಷ್ಟು ಕೂಗಿದರೂ ಅಷ್ಟೆ.

ಮರದಡಿಯೇ ಆಗಬೇಕೆಂದಿದ್ದರೆ ಹಿಂದಿನ ದಿನ ಹೋಗಿ ಮೇಲೆ ನೋಡಿ. ಮಾವು, ಗೇರು ಎರಡರಲ್ಲೂ ಚಗಳಿ ಎಲೆ ಹೊಲಿದು ಗೂಡು ಕಟ್ಟುತ್ತದೆ. ಹೆಜ್ಜೇನು, ಕಣಜದ ಗೂಡು ಇದೆಯಾ ಎಂದೂ ನೋಡಬೇಕು. ತೆಂಗಿನ ಮರದಡಿ ಬೇಡವೇ ಬೇಡ, ಹಲಸು ಕಾಯಿ ಬಿಟ್ಟ ಮೇಲೆ ಅದರಡಿಯೂ ಬೇಡ. ತರಗೆಲೆ ದಪ್ಪ ಬಿದ್ದಲ್ಲಿ ಮೊದಲೇ ಗುಡಿಸಿಡಿ, ಹಾವು ಚೇಳಿಗೆ ಅದು ಒಳ್ಳೆಯ ಮರೆ. ಮುರಕಲ್ಲಿನ ಪಾದೆ ನೋಡಲು ಚಂದ, ಆದರೆ ಹನ್ನೊಂದು ಗಂಟೆಗೆ ಕಾದು ಸುಡಲು ಶುರುವಾಗುತ್ತದೆ.

ಕೂರಲು ಹಾಳೆ ತರಿಸಿ. ಅಡಿಕೆ ಹಾಳೆ ಇಲ್ಲದ ಮನೆ ನಿಮ್ಮ ಕಡೆ ಕಡಿಮೆ, ಇಲ್ಲದವರಿಗೆ ಪಕ್ಕದ ಮನೆಯವರು ಕೊಡುತ್ತಾರೆ. ಬಿದ್ದ ಹಾಳೆಯ ಅಂಚು ಕತ್ತರಿಸಿ, ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ರಾತ್ರಿಯಿಡೀ ಭಾರ ಹೇರಿ ಇಟ್ಟರೆ ಮಟ್ಟಸವಾಗಿ ನಿಲ್ಲುತ್ತದೆ. ಒಣಗಿದ ಮೇಲೆ ಹೆಸರು ಬರೆದು ಕ್ಲಾಸಿನ ಮೂಲೆಯಲ್ಲಿ ಪೇರಿಸಿಡಲಿ. ಪೇಪರ್ ಹಾಸಿದರೆ ಗಾಳಿಗೆ ಹಾರುತ್ತದೆ, ಮಕ್ಕಳು ಅದನ್ನು ಹಿಡಿಯಲು ಏಳುತ್ತಾರೆ. ತನ್ನ ಹಾಳೆ ಹಾಸಿದಲ್ಲಿ ತನ್ನ ಜಾಗ ಎಂಬುದು ಒಮ್ಮೆ ಗಟ್ಟಿಯಾದರೆ ಎಲ್ಲಿ ಕೂರುವುದು ಎಂಬ ಗಲಾಟೆಯೇ ಇರುವುದಿಲ್ಲ.

ಈಗ ಪಾಠ. ನೀವು ಷಟ್ಪದಿ ಆರಿಸಿದ್ದು ಸರಿಯಾಗಿಯೇ ಇತ್ತು, ಅದನ್ನೇ ಹಿಡಿಯೋಣ. ಭಾಮಿನಿಯ ಲೆಕ್ಕ ನಿಮಗೆ ಗೊತ್ತಿದೆ: ಒಂದನೇ, ಎರಡನೇ ಸಾಲಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ, ಮೂರನೇ ಸಾಲಿನಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. 14, 14, 23. ಅದೇ ಇನ್ನೊಮ್ಮೆ, ಒಟ್ಟು 102. ಬೋರ್ಡಿನಲ್ಲಿ ಇದನ್ನು ಪ್ರಸ್ತಾರ ಹಾಕಿ ತೋರಿಸಿದರೆ ಗುರುವಿಗೆ ಗೆರೆ, ಲಘುವಿಗೆ ಕೊಕ್ಕೆ ಎಂದು ಮಕ್ಕಳು ಕಲಿಯುತ್ತಾರೆ, ಅಂಕವೂ ತೆಗೆಯುತ್ತಾರೆ. ಆದರೆ ಲಯ ಕಿವಿಗೆ ಬಿದ್ದಿರುವುದಿಲ್ಲ. ಹೊರಗೆ ಅವರನ್ನು ಎಬ್ಬಿಸಿ ನಿಲ್ಲಿಸಿ. ಮೊದಲು ಪದ್ಯ ಬೇಡ, "ತಕಿಟ ತಕಧಿಮಿ" ಮಾತ್ರ. ಪ್ರತಿ ಗಣದ ಮೊದಲ ಅಕ್ಷರಕ್ಕೆ ಒಂದು ಹೆಜ್ಜೆ. ತಕಿಟಕ್ಕೆ ಎಡಗಾಲು, ತಕಧಿಮಿಗೆ ಬಲಗಾಲು. ಬಲಗಾಲು ಒಂದು ಮಾತ್ರೆ ಹೆಚ್ಚು ನಿಲ್ಲಬೇಕು ಎಂದು ಯಾರೂ ಹೇಳಿಕೊಡದೆ ಅವರಿಗೇ ಗೊತ್ತಾಗುತ್ತದೆ. ನಾಲ್ಕು ಹೆಜ್ಜೆ, ಮತ್ತೆ ನಾಲ್ಕು ಹೆಜ್ಜೆ, ಆಮೇಲೆ ಆರು ಹೆಜ್ಜೆ ಹಾಕಿ ಗುರುವಿಗೆ ಎರಡೂ ಕಾಲು ಜೋಡಿಸಿ ನಿಲ್ಲುವುದು. ಮೂರನೇ ಸಾಲಿನಲ್ಲಿ ಯಾರೋ ಒಬ್ಬ ನಾಲ್ಕು ಹೆಜ್ಜೆಗೇ ನಿಂತುಬಿಡುತ್ತಾನೆ, ಉಳಿದವರು ನಗುತ್ತಾರೆ, ಎರಡನೇ ಸಲ ಅವನೇ ಮುಂದೆ ಇರುತ್ತಾನೆ. ಇಷ್ಟಾದ ಮೇಲೆ ಪದ್ಯವನ್ನು ಆ ನಡಿಗೆಯ ಮೇಲೆ ಕೂರಿಸಿ. ಪದ ಒಡೆಯುವುದು ಎಲ್ಲಿ, ಗಣ ಒಡೆಯುವುದು ಎಲ್ಲಿ, ಎರಡೂ ಬೇರೆ ಬೇರೆ ಕಡೆ ಬರುವಾಗ ಪದ್ಯಕ್ಕೆ ಹೇಗೆ ಓಟ ಸಿಗುತ್ತದೆ ಎಂಬುದನ್ನು ಎಂಟನೇ ಕ್ಲಾಸಿನವರು ಕಾಲಿನಲ್ಲೇ ಹಿಡಿಯುತ್ತಾರೆ. ನಿಮ್ಮಲ್ಲಿ ಯಕ್ಷಗಾನ ಕಲಿಯುವ ಮಗು ಒಂದಿದ್ದರೆ ತಾಳ ಹಾಕುವ ಕೆಲಸ ಅದಕ್ಕೆ ವಹಿಸಿ, ನಿಮಗಿಂತ ಚೆನ್ನಾಗಿ ಮಾಡುತ್ತದೆ. ಮುಂದಿನ ವಾರ ಇದೇ ರೀತಿ ನಾಲ್ಕು ಮಾತ್ರೆಯ ಶರ, ಐದು ಮಾತ್ರೆಯ ವಾರ್ಧಕ. ಹೆಜ್ಜೆ ಬದಲಾದಾಗ ಪದ್ಯದ ಮೈಯೇ ಬದಲಾಗುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಪ್ರಾಸವನ್ನೂ ಹೀಗೇ ಕಿವಿಯಿಂದ ಹಿಡಿಸಬಹುದು. ಪುಸ್ತಕ ಮುಚ್ಚಿಸಿ ನೀವು ಷಟ್ಪದಿಯೊಂದನ್ನು ಓದಿ. ಸಾಲಿನ ಎರಡನೇ ಅಕ್ಷರದ ವ್ಯಂಜನ ಮುಂದಿನ ಸಾಲುಗಳಲ್ಲಿ ಅದೇ ಜಾಗದಲ್ಲಿ ಮರಳಿ ಬಂದಾಗಲೆಲ್ಲ ಮಕ್ಕಳು ಕೈ ಎತ್ತಲಿ. ಆಮೇಲೆ ಪ್ರಾಸವಿಲ್ಲದ ಗೋವಿಂದ ಪೈಯವರ ಒಂದು ಪದ್ಯ ಓದಿ. ಕೈ ಏಳುವುದಿಲ್ಲ, ಮಕ್ಕಳು ಪರಸ್ಪರ ಮುಖ ನೋಡುತ್ತಾರೆ. ಅಲ್ಲಿ ಹೇಳಿ: ಇಲ್ಲೇ ಮಂಜೇಶ್ವರದ ಈ ಕವಿ 1911ರಲ್ಲಿ ಆದಿಪ್ರಾಸ ಬಿಟ್ಟು ಬರೆಯಲು ಹೊರಟರು, ಶತಮಾನಗಳ ಕಟ್ಟಳೆ ಅದು. 1949ರಲ್ಲಿ ಮದ್ರಾಸ್ ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವ ಕೊಟ್ಟಿತು. ನೆರೆಯ ಊರಿನ ಮನುಷ್ಯ ಎಂಥ ಧೈರ್ಯ ಮಾಡಿದ್ದಾರೆಂದು ಪ್ರಾಸ ಕೇಳಿದ ಕಿವಿಗೇ ಗೊತ್ತಾಗುವುದು. ಸಾಧ್ಯವಾದರೆ ವರ್ಷದಲ್ಲೊಮ್ಮೆ ಆ ಪಾಠವನ್ನು ಮಂಜೇಶ್ವರದ ಗಿಳಿವಿಂಡಿನಲ್ಲೇ, ಅವರ ಸ್ಮಾರಕದ ಅಂಗಳದಲ್ಲೇ ಮಾಡಿ. ನಿಮಗೆ ಇನ್ನೂ ಹತ್ತಿರದವರು ಕಯ್ಯಾರ ಕಿಞ್ಞಣ್ಣ ರೈ. ಪೆರಡಾಲದ ಹೈಸ್ಕೂಲಿನಲ್ಲಿ ಮಾಷ್ಟ್ರಾಗಿದ್ದವರು, 1915ರಿಂದ 2015ರವರೆಗೆ ನೂರು ವರ್ಷ ಬದುಕಿದವರು. ಅವರ ಹೋರಾಟದ ಪದ್ಯಗಳನ್ನು ಗೋಡೆಯೊಳಗೆ ಸಣ್ಣ ದನಿಯಲ್ಲಿ ಓದಿಸುವುದು ನನಗಂತೂ ಸಂಕಟ.

ಹಳಗನ್ನಡ ಹೊರಗೆ ಬೇಡ ಎನ್ನುವವರಿದ್ದಾರೆ. ಹೊಸದಾಗಿ ಅರ್ಥ ಬಿಡಿಸುವುದಾದರೆ ನಾನೂ ಬೇಡ ಎನ್ನುತ್ತೇನೆ. ಒಳಗೆ ಒಮ್ಮೆ ಅರ್ಥ ಮಾಡಿಸಿದ ಪದ್ಯವನ್ನು ಹೊರಗೆ ತನ್ನಿ. ಪಂಪ ಬನವಾಸಿಯನ್ನು ನೆನೆಯುವ ಪದ್ಯ ಎಲ್ಲರಿಗೂ ಗೊತ್ತಿರುವುದೇ. ತೆಂಕಣ ಗಾಳಿ ಮೈಗೆ ತಾಗುವುದು, ಒಳ್ಳೆಯ ಮಾತು ಕೇಳುವುದು, ಇಂಪಾದ ಹಾಡು ಕಿವಿಗೆ ಹೋಗುವುದು, ಬಿರಿದ ಮಲ್ಲಿಗೆ ಕಾಣುವುದು ಎಂದು ಅವನು ಒಂದೊಂದಾಗಿ ಎಣಿಸುತ್ತಾ ಹೋಗುತ್ತಾನೆ. ಮೊದಲು ಚರ್ಮ, ಆಮೇಲೆ ಕಿವಿ, ಕಣ್ಣು ತಡವಾಗಿ ಬರುತ್ತದೆ. ಗಾಳಿ ಬೀಸುವಲ್ಲಿ ಕೂತು ಆ ಪದ್ಯ ಎರಡು ಸಲ ಓದಿಸಿ, ಕಣ್ಣು ಮುಚ್ಚಿಸಿ ಐದು ನಿಮಿಷ ಸುಮ್ಮನೆ ಕೂರಿಸಿ. ಆಮೇಲೆ ಕೇಳಿಸಿದ್ದನ್ನು, ಮೈಗೆ ತಾಗಿದ್ದನ್ನು ಮಾತ್ರ ಬರೆಯಲಿ. ಕಂಡದ್ದನ್ನು ಬರೆಯುವ ಹಾಗಿಲ್ಲ ಎಂಬ ನಿಯಮ ಇಡಿ. "ಸುಂದರ", "ರಮಣೀಯ", "ಹಚ್ಚ ಹಸಿರು" ಇವೆಲ್ಲ ತಾನಾಗಿ ಉದುರಿ ಹೋಗುತ್ತವೆ. ತೋಟದ ಪಂಪು ನಿಂತದ್ದು, ಕೆಂಬೂತ ಕೂಗಿದ್ದು, ದೂರದ ಪಣೆಯಲ್ಲಿ ಕಲ್ಲು ಕೊಯ್ಯುವ ಮೆಷಿನ್ನು, ಅಡುಗೆ ಕೋಣೆಯಲ್ಲಿ ಒಗ್ಗರಣೆ ಚುಂಯ್ ಎಂದದ್ದು, ಪಕ್ಕದವನ ಹೊಟ್ಟೆ ಗುರುಗುಟ್ಟಿದ್ದು ಬರುತ್ತವೆ. ಪದ ಸಿಗದೆ ಒಂದು ಮಗು ತುಳು ಮಾತು ಬರೆದರೆ ತಿದ್ದಬೇಡಿ, ಕ್ಲಾಸಿಗೆ ಬಂದ ಮೇಲೆ ಎಲ್ಲರೂ ಸೇರಿ ಕನ್ನಡದ್ದು ಹುಡುಕಿದರಾಯಿತು. ನನಗೆ ಗೊತ್ತಿರುವ ಬರವಣಿಗೆಯ ಪಾಠಗಳಲ್ಲಿ ಇದಕ್ಕಿಂತ ಬೇಗ ಫಲ ಕೊಟ್ಟದ್ದು ಇನ್ನೊಂದಿಲ್ಲ.

ಸಂಧಿ, ಸಮಾಸ, ಪತ್ರಲೇಖನ, ಪರೀಕ್ಷೆಯ ರಿವಿಜನ್ ಒಳಗೇ ಇರಲಿ. ದುಃಖದ, ತೀರ ಒಳಮುಖವಾದ ಪದ್ಯಗಳೂ ಅಷ್ಟೆ. ಅವಕ್ಕೆ ಮುಚ್ಚಿದ ಕೋಣೆಯೇ ಸರಿ.

ದಿನ ಯಾವುದು? ಮಕ್ಕಳು ಕೇಳಿದಾಗ ಎದ್ದು ಹೋಗುವುದು, ಹವೆ ಚೆನ್ನಾಗಿದೆ ಎಂದು ಹೋಗುವುದು, ಇದೇ ಗಲಾಟೆಯ ಮೂಲ. ಅಪರೂಪಕ್ಕೆ ಸಿಕ್ಕಿದ್ದು ಮಕ್ಕಳಿಗೆ ಪಿಕ್‌ನಿಕ್ ಆಗುತ್ತದೆ. ಶಾಂತಿನಿಕೇತನದ ಮಾತು ಎಲ್ಲರೂ ಎತ್ತುತ್ತಾರೆ. 1901ರಲ್ಲಿ ರವೀಂದ್ರನಾಥ ಠಾಗೋರರು ಅಲ್ಲಿ ಶಾಲೆ ತೆರೆದರು, ಮರದಡಿಯ ತರಗತಿ ಇಂದಿಗೂ ನಡೆಯುತ್ತಿದೆ. ಅವರ ತಂದೆ ದೇವೇಂದ್ರನಾಥರು ವಿಶ್ರಮಿಸಿದ್ದು ಛಾತಿಮ್ ಮರಗಳ ಅಡಿಯಲ್ಲಿ, ನಮ್ಮವರು ಆಟಿ ಅಮಾವಾಸ್ಯೆಯಂದು ಕಷಾಯ ಮಾಡಿ ಕುಡಿಯುವ ಪಾಲೆ ಮರವೇ ಅದು. ಆದರೆ ಅಲ್ಲಿ ಹೊರಗೆ ಕೂರುವುದು ವಿಶೇಷ ದಿನದ ಉಡುಗೊರೆಯಲ್ಲ, ದಿನದ ಕ್ರಮ. ಮಕ್ಕಳು ತಮ್ಮ ತಮ್ಮ ಆಸನ ತಂದು ಹಾಸಿಕೊಳ್ಳುತ್ತಾರೆ, ಮಳೆ ಬಂದರೆ ಒಳಗೆ ಹೋಗುತ್ತಾರೆ. ಆ ಕ್ರಮವನ್ನು ಬಿಟ್ಟು ಮರವನ್ನು ಮಾತ್ರ ತೆಗೆದುಕೊಂಡರೆ ಪ್ರಯೋಜನ ಇಲ್ಲ.

ಆದ್ದರಿಂದ ವಾರಕ್ಕೊಂದು ಪೀರಿಯಡ್ ನಿಗದಿ ಮಾಡಿ, ಟೀಚಿಂಗ್ ಮ್ಯಾನುವಲಿನಲ್ಲೇ ಬರೆದಿಡಿ. ನಮ್ಮ ಕಡೆ ನವೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಒಳ್ಳೆಯ ಕಾಲ, ಬೆಳಗಿನ ಮೊದಲ ಎರಡು ಪೀರಿಯಡ್‌ಗಳು ಉತ್ತಮ. ಅಕ್ಟೋಬರಿನಲ್ಲಿ, ನವೆಂಬರ್ ಅರ್ಧದವರೆಗೂ ಮಧ್ಯಾಹ್ನದ ಮೇಲೆ ಸಿಡಿಲು ಮಳೆ ಬರುತ್ತದೆ, ಆಗ ಮರದಡಿ ಕೂರುವುದು ಅಪಾಯ. ಗುಡುಗು ಕೇಳಿದ ಕೂಡಲೇ ಒಳಗೆ. ಫೆಬ್ರವರಿ ಬಂತೆಂದರೆ ಸೆಕೆ, ಬಿಟ್ಟುಬಿಡಿ. ಮೊದಲ ಒಂದೆರಡು ವಾರ ಗಲಾಟೆ ಇದ್ದೇ ಇರುತ್ತದೆ, ಅದನ್ನು ನೋಡಿ ಕೈ ಚೆಲ್ಲಬೇಡಿ.

ಗಣಿತದ ಮಾಷ್ಟ್ರ ಮಾತನ್ನು ತಳ್ಳಿಹಾಕುವಂತಿಲ್ಲ. ಬೆಲ್ ಆದ ಮೇಲೆ ಎದ್ದು ಓಡಿದರೆ ಅವರ ಹತ್ತು ನಿಮಿಷ ಹೋಗುತ್ತದೆ. ನೀವು ಐದು ನಿಮಿಷ ಮೊದಲೇ ಮುಗಿಸಿ, ಮಕ್ಕಳು ಕಾಲು ತೊಳೆದು, ನೀರು ಕುಡಿದು, ಬೆಲ್‌ಗೆ ಸರಿಯಾಗಿ ಬೆಂಚಿನಲ್ಲಿರಲಿ. ಅವರಿಗೂ ಎಚ್‌ಎಂಗೂ ಹೇಳಲು ಒಂದು ವಿಷಯ ಇದೆ. 2018ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮಿಂಗ್ ಕುವೊ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಮೂರನೇ ತರಗತಿಯ ಮಕ್ಕಳು, ಇಬ್ಬರು ಟೀಚರ್, 10 ವಾರ. ಹೊರಗೆ ನಡೆದ ಪಾಠದ ನಂತರ ಒಳಗೆ ನಡೆಯುವ ಪಾಠದಲ್ಲಿ ಮಕ್ಕಳ ಗಮನ ಹೇಗಿರುತ್ತದೆ ಎಂದು ಅವರು ನೋಡಿದ್ದು. ಪಾಠ ನಿಲ್ಲಿಸಿ "ಇತ್ತ ನೋಡಿ" ಎಂದು ಟೀಚರ್ ಎಚ್ಚರಿಸಬೇಕಾದ ಸಂದರ್ಭಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಅಧ್ಯಯನ ಸಣ್ಣದು, ಮಕ್ಕಳೂ ನಿಮ್ಮವರಿಗಿಂತ ಸಣ್ಣವರು. ಆದರೂ ಹೊರಗೆ ಹೋದ ತಲೆ ಹೊರಗೇ ಉಳಿಯುತ್ತದೆ ಎನ್ನುವ ಮೊದಲು ಇದನ್ನು ಯೋಚಿಸಬೇಕು.

ಎಚ್‌ಎಂ ಕೇಳಿದ ಪ್ರಶ್ನೆಗೆ ಉತ್ತರವನ್ನು ಮಕ್ಕಳಿಂದಲೇ ಕೊಡಿಸಿ. ಹೊರಗಿನ ಪಾಠ ಶುರುಮಾಡುವ ಮೊದಲು ಪ್ರತಿ ಮಗು ಒಂದು ಪದ್ಯ ಓದುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಜನವರಿ ಕೊನೆಗೆ ಇನ್ನೊಮ್ಮೆ. ಎರಡನ್ನೂ ಅವರ ಟೇಬಲ್ ಮೇಲೆ ಇಟ್ಟು ಕೇಳಿಸಿ.

ಕೂರಲು ಕಷ್ಟವಾಗುವ ಮಕ್ಕಳನ್ನು ಮೊದಲೇ ಗಮನದಲ್ಲಿ ಇಟ್ಟುಕೊಳ್ಳಿ. ಗಾಲಿಕುರ್ಚಿಯಲ್ಲಿ ಬರುವ ಮಗು ಇದ್ದರೆ ಆ ಕುರ್ಚಿ ಹೋಗುವ ಜಾಗವೇ ನಿಮ್ಮ ಹೊರಗಿನ ಕ್ಲಾಸು, ಬೇರೆ ಕಡೆ ಬೇಡ. ಕಿವಿ ಮಂದವಿರುವ ಮಗು ನಿಮ್ಮ ಮುಖ ಕಾಣುವಂತೆ ಮುಂದಿನ ಸುತ್ತಿನ ನಡುವೆ ಕೂರಲಿ. ಎಲ್ಲ ಸಲವೂ ಎರಡು ಬೆಂಚು ಹೊರಗೆ ಹಾಕಿಸಿ, ಕಾರಣ ಕೇಳದೆ ಯಾರು ಬೇಕಾದರೂ ಅದರಲ್ಲಿ ಕೂರಬಹುದು ಎಂದು ಮೊದಲೇ ಹೇಳಿಬಿಡಿ. ಮುಟ್ಟಿನ ದಿನಗಳಲ್ಲಿ ನೆಲದಲ್ಲಿ ಕೂರಲು ಹೆಣ್ಣುಮಕ್ಕಳಿಗೆ ಮುಜುಗರವಾಗುತ್ತದೆ, ಅವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಪೋರ್ಶನ್ ಮುಗಿಯುವುದಿಲ್ಲ ಎಂಬ ಹೆದರಿಕೆ ನಿಮಗಿದ್ದರೆ ಹೀಗೆ ಮಾಡಿ: ಹಳಗನ್ನಡದ್ದನ್ನು, ಒಳಮುಖವಾದದ್ದನ್ನು ಬಿಟ್ಟು ಪಾಠಪಟ್ಟಿಯಲ್ಲಿರುವ ಉಳಿದ ಪದ್ಯಗಳ ಮೊದಲ ಓದನ್ನೆಲ್ಲ ಹೊರಗಿನ ಪೀರಿಯಡ್‌ಗಳಿಗೆ ಹಂಚಿ. ಹೇಗೂ ಮಾಡಲೇಬೇಕಾದ ಕೆಲಸ ಅದು, ಹೆಚ್ಚಿನ ಹೊತ್ತು ಬೇಡ. ಮರುದಿನ ಒಳಗೆ ಅರ್ಥಕ್ಕೆ ಇಳಿಯುವಾಗ ಅರ್ಧ ಪದ್ಯ ಮಕ್ಕಳಿಗೆ ಬಾಯಿಗೆ ಬಂದಿರುತ್ತದೆ, ನಿಮ್ಮ ವಿವರಣೆ ಒಂದು ಪೀರಿಯಡ್‌ನಲ್ಲಿ ಮುಗಿಯುತ್ತದೆ. ಈ ವಾರ ಭಾಮಿನಿಯಿಂದಲೇ ಶುರುಮಾಡಿ, ಹಾಳೆ ತರಲು ಇವತ್ತೇ ಹೇಳಿ.